ಚಿನ್ನದ ಗಣಿಯ ಹೊರಗಿನವರು

ನಾನು ಹುಟ್ಟಿ ಬೆಳೆದುದು ಶಿರಾ ತಾಲ್ಲೂಕಿನ ಗೌಡಗೆರೆಯ ಕಡೆ. ಮಳೆ ಬಂದ ವರ್ಷ ಹೊಲದಲ್ಲಿ ರಾಗಿ, ಬಾರದ ವರ್ಷ ಗುಳೆ. ಶಿರಾ, ಮಧುಗಿರಿ, ಪಾವಗಡ, ಕೊರಟಗೆರೆಗಳ ಬಯಲುಸೀಮೆಯ ಬಾಳಿನ ಕ್ರಮವೇ ಹೀಗೆ. ನಾನು ಚಿಕ್ಕವನಾಗಿದ್ದಾಗ ನಮ್ಮೂರಿನ ಕೆಲವು ಸಂಸಾರಗಳು ಕಾಫಿ ತೋಟಗಳ ಕೂಲಿಗಾಗಿ ಮಲೆನಾಡಿಗೆ ಹೋಗಿ, ಮುಂಗಾರಿನ ಹೊತ್ತಿಗೆ ಹಿಂದಿರುಗುತ್ತಿದ್ದುವು. ಹಾಗೆ ಹೋಗಿಬಂದ ಮುದುಕರೊಬ್ಬರನ್ನು, ‘ಅಲ್ಲಿ ನಿಮ್ಮನ್ನು ಏನೆಂದು ಕರೆಯುತ್ತಿದ್ದರು, ತಾತಾ?’ ಎಂದು ಒಮ್ಮೆ ಕೇಳಿದೆ. ‘ಏನಂತ ಕರೀತಾರಪ್ಪ? ಕೆಲಸ ಇರೋ ತನಕ ಬಯಲುಸೀಮೆಯೋರು ಅಂತ. ಕೆಲಸ ಮುಗಿದ ಮೇಲೆ ಹೊರಗಿನೋರು ಅಂತ’ ಎಂದರು. ಆ ಮಾತು ಆಗ ನನಗೆ ವಿನೋದವಾಗಿ ತೋರಿತು. ಚರಿತ್ರೆಯನ್ನು ಓದಿ, ಅದನ್ನು ಕಾಲೇಜಿನಲ್ಲಿ ಪಾಠ ಹೇಳತೊಡಗಿದ ಮೇಲೆ, ಕೂಲಿಗಾರರ ಚರಿತ್ರೆಯ ಅರ್ಧ ಭಾಗ ಆ ಎರಡು ಮಾತುಗಳಲ್ಲಿ ಅಡಗಿದೆಯೆಂದು ತಿಳಿಯಿತು.

ಹೊರಗಿನಿಂದ ಬಂದವರು ಕಾರ್ಮಿಕ ಸಂಘಗಳನ್ನು ಕಟ್ಟಿದ ಬಗೆಯನ್ನು ಕುರಿತು ಈ ಹೊತ್ತು ಕೆಲವು ವಿಷಯಗಳನ್ನು ತಮ್ಮ ಮುಂದೆ ಇಡಬೇಕೆಂದಿದ್ದೇನೆ. ಈ ವಿಷಯವೆಂದೊಡನೆ ವಿದ್ಯಾವಂತರ ಮನಸ್ಸು ಅಮೆರಿಕಕ್ಕೆ ಹೋಗುವುದು ಸಹಜ. ಆದುದರಿಂದ ಮೊದಲು ಅಲ್ಲಿಗೆ ಹೋಗಿ, ಆಮೇಲೆ ನಮ್ಮ ನಾಡಿಗೆ ಹಿಂದಿರುಗೋಣ.

೧೯೧೨ನೆಯ ಇಸವಿಯ ಜನವರಿಯಲ್ಲಿ ಮ್ಯಾಸಚೂಸೆಟ್ಸ್ ಪ್ರಾಂತದ ಲಾರೆನ್ಸ್ ಎಂಬ ಗಿರಣಿಗಳ ಪಟ್ಟಣದಲ್ಲಿ ಇಪ್ಪತ್ತು ಸಾವಿರಕ್ಕೂ ಮಿಕ್ಕ ಕೆಲಸಗಾರರು ಮುಷ್ಕರ ಹೂಡಿದರು. ವಾರದ ದುಡಿಮೆಯನ್ನು ೫೬ ಗಂಟೆಗಳಿಂದ ೫೪ಕ್ಕೆ ಇಳಿಸಬೇಕೆಂದು ಅಲ್ಲಿನ ಸರ್ಕಾರ ಕಾನೂನು ಮಾಡಿತ್ತು. ಗಿರಣಿಯ ಒಡೆಯರು ಆ ಎರಡು ಗಂಟೆಗಳ ಕೂಲಿಯನ್ನೂ ಇಳಿಸಿಬಿಟ್ಟರು. ಕೆಲಸಗಾರರಾದರೋ ಇಟಲಿ, ಪೋಲೆಂಡ್, ಲಿಥುವೇನಿಯ, ಸಿರಿಯ ಮೊದಲಾದ ನಾನಾ ದೇಶಗಳಿಂದ ಬಂದವರು. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು. ಇಂತಹವರನ್ನು ಒಂದುಗೂಡಿಸುವುದು ಆಗದ ಮಾತೆಂದು ಹಳೆಯ ಸಂಘಗಳ ಮುಖಂಡರು ಕೈಬಿಟ್ಟಿದ್ದರು. ಆದರೆ ಮುಷ್ಕರದ ಸಮಿತಿಯಲ್ಲಿ ಪ್ರತಿಯೊಂದು ಜನಾಂಗಕ್ಕೂ ಸ್ಥಾನ ದೊರೆಯಿತು. ಸಭೆಯ ಮಾತುಗಳು ಒಂದು ಭಾಷೆಯಿಂದ ಮತ್ತೊಂದಕ್ಕೆ ಅನುವಾದವಾಗುತ್ತ ಹೋದುವು. ಚಳಿಗಾಲವೆಲ್ಲ ಹೋರಾಡಿ, ಮಾರ್ಚಿಯಲ್ಲಿ ಅವರು ಕೂಲಿಯನ್ನು ಹೆಚ್ಚಿಸಿಕೊಂಡೇ ಕೆಲಸಕ್ಕೆ ಮರಳಿದರು. ಇಟಲಿಯಿಂದ ಬಂದ ಕವಿ ಜಿಯೊವಾನಿಟ್ಟಿಯೂ, ಅವನ ಜೊತೆಗಾರ ಎಟ್ಟರನೂ, ತಾವು ಸ್ಥಳದಲ್ಲಿಯೇ ಇಲ್ಲದಿದ್ದ ಒಂದು ಕೊಲೆಯ ಆಪಾದನೆಯ ಮೇಲೆ ತಿಂಗಳುಗಟ್ಟಲೆ ಸೆರೆಯಲ್ಲಿದ್ದು, ಆ ವರ್ಷದ ಕೊನೆಯಲ್ಲಿ ನಿರ್ದೋಷಿಗಳೆಂದು ಬಿಡುಗಡೆ ಹೊಂದಿದರು. ಸ್ವೀಡನ್ನಿನಿಂದ ಬಂದು ಕೂಲಿಗಾರರಿಗಾಗಿ ಹಾಡು ಕಟ್ಟುತ್ತಿದ್ದ ಜೋ ಹಿಲ್ ಎಂಬಾತನಿಗೆ ಆ ಅದೃಷ್ಟವಿರಲಿಲ್ಲ. ವಿವಾದಕ್ಕೆ ಗುರಿಯಾದ ಒಂದು ಕೊಲೆಯ ಮೊಕದ್ದಮೆಯಲ್ಲಿ ೧೯೧೫ನೆಯ ನವೆಂಬರಿನಲ್ಲಿ ಯೂಟಾ ಪ್ರಾಂತದಲ್ಲಿ ಅವನಿಗೆ ಮರಣದಂಡನೆಯಾಯಿತು.

ಇಲ್ಲಿ ಒಂದು ವಿಪರ್ಯಾಸವನ್ನು ಗಮನಿಸಬೇಕು. ಅಮೆರಿಕದ ಕಾರ್ಮಿಕ ಸಂಘಗಳ ಮಹಾಮಂಡಲಿಯನ್ನು ೧೮೮೬ರಿಂದ ೧೯೨೪ರವರೆಗೆ, ಒಂದೇ ಒಂದು ವರ್ಷ ಬಿಟ್ಟು, ಅಧ್ಯಕ್ಷನಾಗಿ ನಡೆಸಿದ ಸಾಮ್ಯುಯೆಲ್ ಗಾಂಪರ್ಸ್ ತಾನೇ ಲಂಡನ್ನಿನಲ್ಲಿ ಹುಟ್ಟಿ, ಹುಡುಗನಾಗಿದ್ದಾಗ ವಲಸೆ ಬಂದವನು. ಆದರೂ ತನ್ನ ಹಿಂದೆ ಬರುವವರಿಗೆ ಬಾಗಿಲು ಮುಚ್ಚಬೇಕೆಂದು, ಅದರಲ್ಲಿಯೂ ಚೀನೀಯರು ಮೊದಲಾದ ಏಷ್ಯದವರನ್ನು ಒಳಕ್ಕೆ ಬಿಡಬಾರದೆಂದು, ಬಲವಾಗಿ ವಾದಿಸಿದವನೂ ಅವನೇ. ನಿನ್ನೆ ಬಂದವನು ಇಂದು ಬಂದವನನ್ನು ಹೊರಗಿನವನೆನ್ನುತ್ತಾನೆ. ಸಂಘವೆಂಬುದು ಕೂಡಿಸುವ ಸಾಧನವಾಗುವಂತೆಯೇ ಹೊರಗಿಡುವ ಬೇಲಿಯೂ ಆಗಬಹುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಾಗಿಲ್ಲ.

ಅಮೆರಿಕದ ಈ ಕೋಲಾಹಲವನ್ನು ಹತ್ತಿರದಿಂದ ನೋಡಿದ ಭಾರತೀಯರಲ್ಲಿ ಲಾಲಾ ಲಜಪತರಾಯರು ಒಬ್ಬರು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಸ್ವದೇಶಕ್ಕೆ ಹಿಂದಿರುಗಲಾರದೆ ಅವರು ಅಲ್ಲಿ ವರ್ಷಗಟ್ಟಲೆ ನೆಲೆಸಬೇಕಾಯಿತು. ೧೯೨೦ರಲ್ಲಿ ಹಿಂದಿರುಗಿದರು, ಅದೇ ವರ್ಷ ಅಕ್ಟೋಬರಿನಲ್ಲಿ ಮುಂಬಯಿಯಲ್ಲಿ ಕೂಡಿದ ಅಖಿಲ ಭಾರತ ಕಾರ್ಮಿಕ ಸಂಘಗಳ ಮೊದಲನೆಯ ಮಹಾಸಭೆಗೆ ಅವರೇ ಅಧ್ಯಕ್ಷರಾದರು. ಹೀಗೆ ಆ ಗಾಳಿ ನಮ್ಮ ದೇಶಕ್ಕೂ ಬೀಸಿತು. ಆದರೆ ನಮ್ಮ ಮೈಸೂರು ಸೀಮೆಯಲ್ಲಿ, ಕೋಲಾರದ ಚಿನ್ನದ ಗಣಿಗಳಲ್ಲಿ, ಲಾರೆನ್ಸಿನಂತಹ ಒಂದು ಪಟ್ಟಣವು ಅದಕ್ಕೂ ಮೊದಲೇ ಹುಟ್ಟಿ ನಿಂತಿತ್ತು.

ಆ ಪಟ್ಟಣ ಹುಟ್ಟಿದ ಕಾಲವನ್ನು ಮರೆಯಬಾರದು. ೧೮೭೬ರಿಂದ ೧೮೭೮ರವರೆಗಿನ ಕ್ಷಾಮವು ಮೈಸೂರನ್ನು ಬರಿದುಮಾಡಿತು. ೧೮೭೧ರ ಖಾನೇಷುಮಾರಿಯಲ್ಲಿ ಐವತ್ತು ಲಕ್ಷಕ್ಕೂ ಮಿಕ್ಕಿದ್ದ ಜನಸಂಖ್ಯೆ ೧೮೮೧ರಲ್ಲಿ ನಲವತ್ತೆರಡು ಲಕ್ಷದಷ್ಟಕ್ಕೆ ಇಳಿದಿತ್ತು. ಕ್ಷಾಮಕ್ಕೆ ಕೆಲವು ವರ್ಷ ಮೊದಲು, ೧೮೭೩ರಲ್ಲಿ, ಬೆಂಗಳೂರಿನಲ್ಲಿ ನೆಲೆಸಿದ್ದ ಲಾವೆಲ್ ಎಂಬ ವಿಶ್ರಾಂತ ಸೈನಿಕನು ಕೋಲಾರದ ಕಡೆ ಗಣಿ ತೋಡುವ ಹಕ್ಕಿಗಾಗಿ ಸರ್ಕಾರಕ್ಕೆ ಅರ್ಜಿ ಸಲ್ಲಿಸಿ, ಮುಂದೆ ಅದನ್ನು ಪಡೆದನು. ಆ ಹಕ್ಕು ಕೈಯಿಂದ ಕೈಗೆ ದಾಟಿ, ೧೮೮೦ರ ದಶಕದಲ್ಲಿ ಲಂಡನ್ನಿನ ಜಾನ್ ಟೇಲರ್ ಕಂಪೆನಿಯವರ ಆಡಳಿತಕ್ಕೆ ಬಂದಿತು. ಅವರಿಗೆ ಚಿನ್ನವೂ ದೊರೆಯಿತು, ಅದನ್ನು ತೋಡಲು ಹಸಿದ ಜನರೂ ದೊರೆತರು. ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಪ್ರಾಂತಗಳಿಂದ ತಮಿಳರೂ ತೆಲುಗರೂ ಬಂದು ತುಂಬಿದರು. ಅವರಲ್ಲಿ ಬಹುಮಂದಿ ಆದಿದ್ರಾವಿಡರು. ಹುಟ್ಟಿದ ಊರಿನಲ್ಲಿ ಭೂಮಿಯಿಲ್ಲದೆ, ಒಡೆಯನ ಹೊಲದಲ್ಲಿ ಜೀತವೇ ಗತಿಯಾಗಿದ್ದವರು. ನೆಲದಡಿಯ ಕತ್ತಲೆ ಅವರಿಗೆ ಊರಿನ ಬೆಳಕಿಗಿಂತ ಮೇಲಾಗಿ ಕಂಡಿತು. ೧೮೯೧ರಲ್ಲಿ ಏಳು ಸಾವಿರದಷ್ಟಿದ್ದ ಗಣಿಪ್ರದೇಶದ ಜನಸಂಖ್ಯೆ ೧೯೦೧ರಲ್ಲಿ ಮೂವತ್ತೆಂಟು ಸಾವಿರವನ್ನು ಮೀರಿತು.

ಗಣಿಗಳ ವೈಭವವನ್ನು ತಾವೆಲ್ಲ ಕೇಳಿಯೇ ಇರುತ್ತೀರಿ. ೧೯೦೨ರಲ್ಲಿ ಶಿವನಸಮುದ್ರದಿಂದ ಸುಮಾರು ೯೨ ಮೈಲಿ ತಂತಿ ಎಳೆದು ಅಲ್ಲಿಗೆ ವಿದ್ಯುಚ್ಛಕ್ತಿಯನ್ನು ಒದಗಿಸಿದರು. ಬೆಂಗಳೂರಿನ ಬೀದಿಗಳು ವಿದ್ಯುದ್ದೀಪ ಕಂಡುದು ಅದಾದ ಮೂರು ವರ್ಷಗಳ ಮೇಲೆ. ಹುಟ್ಟಿದ ಚಿನ್ನದಲ್ಲಿ ನೂರಕ್ಕೆ ಐದರಂತೆ ರಾಜಧನ ಸಂಸ್ಥಾನಕ್ಕೆ ಸಲ್ಲುತ್ತಿತ್ತು. ನಮ್ಮ ಪ್ರಾಂತದ ರಸ್ತೆಗಳು, ಶಾಲೆಗಳು, ಆಸ್ಪತ್ರೆಗಳು ಎದ್ದುದರಲ್ಲಿ ಆ ಹಣದ ಪಾಲೂ ಇತ್ತು. ಮೈಸೂರನ್ನು ಮಾದರಿ ಸಂಸ್ಥಾನವೆಂದು ಹೊಗಳುವಾಗ, ಆ ಮಾದರಿಯ ತಳದಲ್ಲಿ ಸಾವಿರಾರು ಅಡಿ ಕೆಳಗೆ ಬಂಡೆ ಒಡೆಯುತ್ತಿದ್ದವನನ್ನೂ ನೆನೆಯುವುದು ನ್ಯಾಯ.

ಅವನ ಬಾಳು ಹೇಗಿತ್ತು? ಬಿದಿರು ತಟ್ಟಿಯ ಗೋಡೆಗಳ ಸಾಲುಮನೆಗಳಿಗೆ ಲೈನುಗಳೆಂದು ಹೆಸರು. ಕೆಲಸಕ್ಕೆ ಸೇರಿಸುತ್ತಿದ್ದವನು ಕಂಟ್ರಾಕ್ಟರನು. ಕೂಲಿಗಾರನಿಗೂ ಕಂಪೆನಿಗೂ ನಡುವೆ ಅವನದೇ ಆಳ್ವಿಕೆ. ಮೇಲಿನ ಉದ್ಯೋಗಗಳಲ್ಲಿ ಇಂಗ್ಲಿಷರು, ಕಾರ್ನ್‌ವಾಲಿನ ಗಣಿಗಾರರು, ಇಟಲಿಯವರು; ಅವರ ಕೆಳಗೆ ಆಂಗ್ಲೋ ಇಂಡಿಯನರು; ತಳದಲ್ಲಿ ದೇಶೀಯ ಕೂಲಿಗಾರರು. ಯೋಚಿಸಿ ನೋಡಿದರೆ ಅಲ್ಲಿದ್ದವರೆಲ್ಲರೂ ಹೊರಗಿನವರೇ. ಆದರೆ ಹೊರಗಿನವರೆಂಬ ಹೆಸರು ಅಂಟಿದುದು ತಳದವರಿಗೆ ಮಾತ್ರ. ಚಿನ್ನ ಕದ್ದಾರೆಂಬ ಶಂಕೆಯಿಂದ ಅವರಿಗಾಗಿ ಪ್ರತ್ಯೇಕವಾದ ಕಾನೂನು, ಕಾವಲು, ಮೈಶೋಧನೆಗಳು ಏರ್ಪಟ್ಟಿದ್ದುವು. ಆಳ ಹೆಚ್ಚಿದಂತೆಲ್ಲ ಬಂಡೆ ತಾನಾಗಿ ಸಿಡಿದು ಜೀವ ತೆಗೆಯುವುದೂ ಹೆಚ್ಚಿತು. ಸಿಡಿಲಿನಂತೆ ಬರುವ ಈ ಸಾವಲ್ಲದೆ, ಮೆಲ್ಲನೆ ಬರುವ ಮತ್ತೊಂದು ಸಾವೂ ಉಂಟು. ಕಲ್ಲಿನ ಧೂಳು ಶ್ವಾಸಕೋಶದಲ್ಲಿ ಸೇರಿ ಬರುವ ಸಿಲಿಕೋಸಿಸ್ ಎಂಬ ರೋಗವು ಭಾರತದಲ್ಲಿ ಮೊತ್ತಮೊದಲು ವರದಿಯಾದುದು ೧೯೩೪ರಲ್ಲಿ, ಈ ಗಣಿಗಳಿಂದಲೇ. ೧೯೪೦ರ ದಶಕದಲ್ಲಿ ಏಳು ಸಾವಿರಕ್ಕೂ ಮಿಕ್ಕ ಕೆಲಸಗಾರರನ್ನು ವೈದ್ಯರು ಪರೀಕ್ಷಿಸಿದಾಗ, ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿಯಲ್ಲಿ ಆ ರೋಗ ಕಂಡುಬಂದಿತು.

ಇಷ್ಟೆಲ್ಲ ಕಷ್ಟವಿದ್ದ ಮೇಲೆ ಸಂಘ ಬೇಗನೆ ಹುಟ್ಟಬೇಕಾಗಿತ್ತಲ್ಲವೆ ಎಂದು ತಾವು ಕೇಳಬಹುದು. ಕಾರ್ಮಿಕ ಸಂಘ ಹುಟ್ಟಲಿಲ್ಲ; ಆದರೆ ಬೇರೆ ಬಗೆಯ ಸಂಘಗಳು ಹುಟ್ಟಿದುವು. ಮದರಾಸಿನ ಪಂಡಿತ ಅಯೋತಿ ದಾಸರು ಸ್ಥಾಪಿಸಿದ ಶಾಕ್ಯ ಬೌದ್ಧ ಸಂಘದ ಶಾಖೆಯೊಂದು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿಯೇ ಗಣಿಯ ಮಾರಿಕುಪ್ಪದಲ್ಲಿ ನೆಲೆಯೂರಿತು. ದಿನವೆಲ್ಲ ಬಂಡೆ ಕೊರೆದ ಜನರು ಅಲ್ಲಿ ಉಪನ್ಯಾಸಗಳನ್ನು ಕೇಳಿದರು, ದಾಸರ ‘ತಮಿಳನ್’ ಪತ್ರಿಕೆಯನ್ನು ಓದಿಸಿ ಕೇಳಿದರು, ಜಾತಿಯ ಕಟ್ಟಳೆಯನ್ನು ಪ್ರಶ್ನಿಸಿದರು. ಇದನ್ನು ಕೂಲಿಯ ಪ್ರಶ್ನೆಗೆ ಸಂಬಂಧಿಸದ ಧಾರ್ಮಿಕ ವಿಷಯವೆಂದು ಬದಿಗೊತ್ತುವವರುಂಟು. ನನಗೆ ಹಾಗೆ ತೋರುವುದಿಲ್ಲ. ತಲೆ ಬಗ್ಗಿಸಿಯೇ ಬೆಳೆದವನು ಕೂಲಿ ಹೆಚ್ಚಿಸೆಂದು ಕೇಳುವುದಕ್ಕೆ ಮೊದಲು ತಲೆ ಎತ್ತುವುದನ್ನು ಕಲಿಯಬೇಕು. ಆ ಪಾಠವು ಇಂತಹ ಜಗಲಿಗಳ ಮೇಲೆ, ಇಂತಹ ಓದುಗಳಲ್ಲಿ ನಡೆಯಿತು.

ಆ ಪಾಠದ ಫಲ ೧೯೩೦ರ ಏಪ್ರಿಲಿನಲ್ಲಿ ಕಾಣಿಸಿತು. ಕೂಲಿಗಾರರೆಲ್ಲರೂ ಬೆರಳಚ್ಚು ಕೊಟ್ಟು ಹೆಸರು ದಾಖಲು ಮಾಡಿಸಬೇಕೆಂದು ಕಂಪೆನಿಯವರು ಆಜ್ಞೆ ಹೊರಡಿಸಿದರು. ಕಾಗದದ ಮೇಲೆ ಇದು ಸಣ್ಣ ವಿಷಯ. ಆದರೆ ಕೂಲಿಗಾರನ ಮಟ್ಟಿಗೆ ಅದು ಬೇರೆ. ಒಂದು ಗಣಿಯಲ್ಲಿ ಮೇಸ್ತ್ರಿಯೊಡನೆ ಮನಸ್ತಾಪವಾದರೆ ಮತ್ತೊಂದು ಗಣಿಗೆ ಹೋಗಿ ಸೇರುವುದು ಅವನಿಗಿದ್ದ ಒಂದೇ ಸ್ವಾತಂತ್ರ್ಯ. ಬೆರಳಚ್ಚು ಬಿದ್ದ ಮೇಲೆ ಆ ದಾರಿ ಮುಚ್ಚಿತೆಂದೇ ಅರ್ಥ. ಅಲ್ಲದೆ, ಬೆರಳಚ್ಚು ಹಿಡಿಯುವುದು ಕಳ್ಳರದು; ದುಡಿದು ತಿನ್ನುವವರನ್ನು ಕಳ್ಳರ ಪಟ್ಟಿಗೆ ಸೇರಿಸಿದಂತಾಯಿತೆಂಬ ಅವಮಾನ. ಸಾವಿರಾರು ಮಂದಿ ಗಣಿಗೆ ಇಳಿಯಲು ಒಪ್ಪದೆ ನಿಂತರು. ಮುಷ್ಕರವು ಸುಮಾರು ಮೂರು ವಾರಗಳ ಕಾಲ ನಡೆಯಿತು. ಅದರ ಹಿಂದೆ ನೋಂದಾಯಿಸಿದ ಸಂಘವಿರಲಿಲ್ಲ, ಚಂದಾಪುಸ್ತಕವಿರಲಿಲ್ಲ. ಕೂಲಿಗಾರರ ಪರವಾಗಿ ಮಾತನಾಡುವವರು ಯಾರೆಂಬುದೇ ಸರ್ಕಾರಕ್ಕೂ, ಕಂಪೆನಿಗೂ, ಬೆಂಗಳೂರಿನ ರಾಜಕಾರಣಿಗಳಿಗೂ ದೊಡ್ಡ ಪ್ರಶ್ನೆಯಾಯಿತು. ನಾಯಕರಿಲ್ಲದವರು ಇಷ್ಟು ಕಟ್ಟುನಿಟ್ಟಾಗಿ ನಿಲ್ಲಬಲ್ಲರೆಂದು ನಗರದ ವಿದ್ಯಾವಂತರು ನಂಬಿರಲಿಲ್ಲ. ಲಾರೆನ್ಸಿನಲ್ಲಿ ಹಳೆಯ ಸಂಘದ ಮುಖಂಡರು ಮಾಡಿದ ತಪ್ಪೂ ಇದೇ ಅಲ್ಲವೆ?

ಸಂಘವಿಲ್ಲದಿದ್ದುದಕ್ಕೆ ಕಾನೂನಿನ ಕಾರಣವೂ ಇದ್ದಿತು. ಬ್ರಿಟಿಷ್ ಇಂಡಿಯದಲ್ಲಿ ೧೯೨೬ರಲ್ಲಿಯೇ ಕಾರ್ಮಿಕ ಸಂಘಗಳ ಕಾಯಿದೆ ಅಂಗೀಕಾರವಾಗಿತ್ತು. ಗಣಿಯಿಂದ ಕೆಲವು ಮೈಲಿ ಪೂರ್ವಕ್ಕೆ ನಡೆದು ಮದರಾಸು ಪ್ರಾಂತದ ಗಡಿ ದಾಟಿದರೆ ಸಂಘವು ನ್ಯಾಯಸಮ್ಮತ. ಗಡಿಯ ಈಚೆಗೆ ಅದಕ್ಕೆ ಕಾನೂನಿನ ಆಸರೆಯೇ ಇಲ್ಲ. ಮೈಸೂರು ಸರ್ಕಾರದವರು ೧೯೪೧ರಲ್ಲಿ ತುರ್ತು ಕಾನೂನೊಂದನ್ನೂ, ೧೯೪೨ರಲ್ಲಿ ಮೈಸೂರು ಲೇಬರ್ ಆಕ್ಟನ್ನೂ ಮಾಡಿದ ಮೇಲೆಯೇ ಇಲ್ಲಿ ಸಂಘಗಳಿಗೆ ಮಾನ್ಯತೆ ದೊರೆತುದು. ಆ ಬಾಗಿಲಿನಿಂದ ಒಳಹೊಕ್ಕವರು ಕೆ. ಎಸ್. ವಾಸನ್, ವಿ. ಎಂ. ಗೋವಿಂದನ್, ಎಂ. ಸಿ. ನರಸಿಂಹನ್ ಮೊದಲಾದ ಕಮ್ಯೂನಿಸ್ಟ್ ಕಾರ್ಯಕರ್ತರು. ಅವರ ಸಿದ್ಧಾಂತವನ್ನು ನಾವು ಒಪ್ಪಲಿ, ಬಿಡಲಿ. ಲೈನಿನಿಂದ ಲೈನಿಗೆ ನಡೆದು, ಚದುರಿದ ಅಸಮಾಧಾನವನ್ನು ಸಂಘದ ರೂಪಕ್ಕೆ ತಂದವರು ಅವರೆಂಬುದನ್ನು ಒಪ್ಪದೆ ಇರಲಾಗುವುದಿಲ್ಲ. ಅವರು ಬಿತ್ತಿದ ನೆಲವನ್ನು ಮೊದಲೇ ಉತ್ತು ಹದಮಾಡಿದ್ದವರು ಮಾರಿಕುಪ್ಪದ ಓದುಗರೆಂಬುದನ್ನೂ ಮರೆಯಲಾಗದು.

ಇದಕ್ಕೆ ತೆತ್ತ ಬೆಲೆ ಸಾಮಾನ್ಯವಲ್ಲ. ಯುದ್ಧ ಮುಗಿದು, ದವಸದ ಬೆಲೆ ಏರಿ, ಕೂಲಿ ಮಾತ್ರ ಏರದಿದ್ದ ೧೯೪೬ರಲ್ಲಿ ಗಣಿಗಳು ಮತ್ತೆ ಕುದಿದೆದ್ದುವು. ಆ ವರ್ಷ ನವೆಂಬರಿನಲ್ಲಿ ಪೊಲೀಸರು ಹಾರಿಸಿದ ಗುಂಡಿಗೆ ಆರು ಮಂದಿ ಕೆಲಸಗಾರರು ಬಲಿಯಾದರು. ಸ್ವಾತಂತ್ರ್ಯಕ್ಕೆ ಇನ್ನು ಒಂದು ವರ್ಷವೂ ಪೂರ್ತಿಯಾಗಿ ಉಳಿದಿರಲಿಲ್ಲ. ನಮ್ಮ ಶಾಲೆಗಳ ಚರಿತ್ರೆಯ ಪಾಠದಲ್ಲಿ ವಿದುರಾಶ್ವತ್ಥಕ್ಕೆ ಸ್ಥಾನವಿದೆ, ಇರಬೇಕಾದುದೇ. ಅದೇ ಕೋಲಾರದ ಸೀಮೆಯಲ್ಲಿ ಎಂಟು ವರ್ಷಗಳ ತರುವಾಯ ಬಿದ್ದ ಈ ಆರು ಹೆಣಗಳನ್ನು ಎಷ್ಟು ಮಂದಿ ವಿದ್ಯಾರ್ಥಿಗಳು ಬಲ್ಲರು? ನನ್ನ ತರಗತಿಯಲ್ಲಿ ಒಂದು ವರ್ಷ ಈ ಪ್ರಶ್ನೆ ಕೇಳಿದೆ. ಒಂದು ಕೈಯೂ ಮೇಲೇಳಲಿಲ್ಲ. ನಾನಾದರೂ ಅವರ ವಯಸ್ಸಿನಲ್ಲಿ ಅರಿತಿದ್ದೆನೆ? ಇಲ್ಲ. ಲಾರೆನ್ಸಿನ ಮುಷ್ಕರವನ್ನು ಇಂಗ್ಲಿಷ್ ಪುಸ್ತಕದಲ್ಲಿ ಓದಿ ಬಲ್ಲವನಾಗಿದ್ದೆ. ಬಂಗಾರಪೇಟೆಯ ಆಚೆಗೆ ನಡೆದುದನ್ನು ಬಲ್ಲವನಾಗಿರಲಿಲ್ಲ. ಸತ್ತವರು ನಮ್ಮವರಲ್ಲವೆಂಬ ಭಾವನೆ ನಮ್ಮ ಮನಸ್ಸಿನ ಮೂಲೆಯಲ್ಲೆಲ್ಲೋ ಇದ್ದುದೇ ಇದಕ್ಕೆ ಕಾರಣವೆಂದು ಈಗ ನನಗೆ ತೋರುತ್ತದೆ.

ಆ ಜನ ಮಾತ್ರ ತಮ್ಮನ್ನು ಈ ನಾಡಿನವರೆಂದೇ ಎಣಿಸಿಕೊಂಡರು. ಪ್ರಾಪ್ತವಯಸ್ಕರೆಲ್ಲರಿಗೂ ಮತಾಧಿಕಾರ ಬಂದ ಮೊದಲ ಚುನಾವಣೆಯಲ್ಲಿ, ೧೯೫೨ರಲ್ಲಿ, ಗಣಿಕ್ಷೇತ್ರದವರು ಮೈಸೂರು ಶಾಸನಸಭೆಗೆ ಕಳುಹಿಸಿದುದು ಸಂಘದ ವಾಸನ್ ಅವರನ್ನೂ, ಡಾಕ್ಟರ್ ಅಂಬೇಡ್ಕರರ ಪರಿಶಿಷ್ಟ ಜಾತಿ ಒಕ್ಕೂಟದ ಸ್ವಾಮಿದೊರೈ ಅವರನ್ನೂ. ಒಬ್ಬರು ಕೂಲಿಯ ದನಿ, ಇನ್ನೊಬ್ಬರು ಮಾನದ ದನಿ. ಇಪ್ಪತ್ತೆರಡು ವರ್ಷಗಳ ಹಿಂದೆ ಬೆರಳಚ್ಚು ಕೊಡಲು ಒಪ್ಪದಿದ್ದ ಜನ ಈಗ ಬೆರಳಿಗೆ ತಾವೇ ಶಾಯಿ ಹಾಕಿಸಿಕೊಂಡರು.

ಈಗ ಮಾತನ್ನು ತಿರುಗಿಸಿ ನೋಡೋಣ. ಕನ್ನಡ ಸೀಮೆಗೆ ಹೊರಗಿನವರು ಬಂದಂತೆ, ಕನ್ನಡ ಸೀಮೆಯವರೂ ಹೊರಗೆ ಹೋಗಿ ಸಂಘ ಕಟ್ಟಿದ್ದಾರೆ. ದಕ್ಷಿಣ ಕನ್ನಡದಿಂದ ಮುಂಬಯಿಗೆ ಹೋದ ಪಿ. ಡಿಮೆಲ್ಲೊ ಎಂಬವರು ಅಲ್ಲಿನ ಬಂದರಿನ ಕೂಲಿಗಾರರ ನಾಯಕರಾಗಿ ೧೯೫೮ರಲ್ಲಿ ತೀರಿಕೊಂಡರು. ಬಂದರಿನ ಉದ್ದಕ್ಕೂ ಹೋಗುವ ರಸ್ತೆಗೆ ಇಂದು ಅವರ ಹೆಸರಿದೆ. ಅವರ ಬಳಿ ಪಳಗಿದವರು ೧೯೩೦ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸರು. ಪಾದ್ರಿಯಾಗಬೇಕೆಂದು ಬೆಂಗಳೂರಿನ ಗುರುಮಠಕ್ಕೆ ಸೇರಿ, ಅದನ್ನು ತೊರೆದು, ಮಂಗಳೂರಿನ ಹೋಟೆಲು ಕೆಲಸಗಾರರನ್ನು ಸಂಘಟಿಸಿ, ಆಮೇಲೆ ಮುಂಬಯಿ ಸೇರಿದವರು. ಮೊದಲು ಚೌಪಾಟಿಯ ಬೆಂಚುಗಳ ಮೇಲೆ ಮಲಗಿ ರಾತ್ರಿ ಕಳೆದುದನ್ನು ಅವರೇ ಹೇಳಿಕೊಂಡಿದ್ದಾರೆ. ಟ್ಯಾಕ್ಸಿ ನಡೆಸುವವರು, ನಗರಸಭೆಯ ಕೆಲಸಗಾರರು ಮುಂತಾದವರ ನಾಯಕರಾಗಿ ಬೆಳೆದು, ೧೯೬೭ರಲ್ಲಿ ಮುಂಬಯಿಯ ಒಡೆಯರೆಂದೇ ಹೆಸರಾಗಿದ್ದ ಎಸ್. ಕೆ. ಪಾಟೀಲರನ್ನು ಚುನಾವಣೆಯಲ್ಲಿ ಸೋಲಿಸಿದರು. ಅದಕ್ಕೆ ಒಂದು ವರ್ಷ ಹಿಂದೆಯಷ್ಟೆ ಹುಟ್ಟಿದ್ದ ಶಿವಸೇನೆಯು ಆ ನಗರದಲ್ಲಿ ದಕ್ಷಿಣದವರ ವಿರುದ್ಧ ಕೂಗೆಬ್ಬಿಸುತ್ತಿದ್ದ ಕಾಲವದು. ೧೯೭೪ರ ಮೇ ೮ರಿಂದ ಇಪ್ಪತ್ತು ದಿನ ನಡೆದ ರೈಲ್ವೆ ಮುಷ್ಕರದಲ್ಲಿ ಹದಿನೇಳು ಲಕ್ಷದಷ್ಟು ನೌಕರರನ್ನು ನಡೆಸಿದವರೂ ಅವರೇ. ಅವರ ಮುಂದಿನ ರಾಜಕಾರಣವನ್ನು ಕುರಿತು ಭಿನ್ನಾಭಿಪ್ರಾಯಗಳುಂಟು. ಅದು ಇಲ್ಲಿಯ ವಿಷಯವಲ್ಲ. ೨೦೧೯ರಲ್ಲಿ ಅವರು ತೀರಿಕೊಂಡಾಗ ನಾವು ಕನ್ನಡಿಗರು ‘ನಮ್ಮ ಮಂಗಳೂರಿನವರು’ ಎಂದು ಹೆಮ್ಮೆಪಟ್ಟೆವು. ಹೆಮ್ಮೆ ಸರಿಯೇ. ಆದರೆ ಮುಂಬಯಿಯಲ್ಲಿ ನಮ್ಮವರು ಸಂಘ ಕಟ್ಟಿದರೆ ಹೆಮ್ಮೆ, ಕೋಲಾರದಲ್ಲಿ ಆರ್ಕಾಟಿನವರು ಸಂಘ ಕಟ್ಟಿದರೆ ಮರೆವು, ಎಂಬ ಎರಡು ತೂಕಗಳನ್ನು ಚರಿತ್ರೆ ಒಪ್ಪುವುದಿಲ್ಲ.

ಚಿನ್ನದ ಗಣಿಗಳು ೧೯೫೬ರಲ್ಲಿ ಮೈಸೂರು ಸರ್ಕಾರದ ವಶಕ್ಕೂ, ೧೯೬೨ರಲ್ಲಿ ಕೇಂದ್ರ ಸರ್ಕಾರದ ವಶಕ್ಕೂ ಬಂದುವು. ಸುಮಾರು ನೂರ ಇಪ್ಪತ್ತು ವರ್ಷಗಳಲ್ಲಿ ಎಂಟುನೂರು ಟನ್ನಿಗೂ ಮಿಕ್ಕ ಚಿನ್ನ ಕೊಟ್ಟು, ೨೦೦೧ರ ಫೆಬ್ರವರಿ ೨೮ರಂದು ಅವು ಮುಚ್ಚಿದುವು. ಗಣಿ ಮುಚ್ಚಿತೆಂದು ಜನ ಹೊರಟುಹೋಗಲಿಲ್ಲ. ಹೋಗುವುದೆಲ್ಲಿಗೆ? ಮುತ್ತಜ್ಜ ಬಿಟ್ಟುಬಂದ ಊರಿನಲ್ಲಿ ಅವರಿಗೆ ಮನೆಯಿಲ್ಲ, ಹೊಲ ಮೊದಲೇ ಇರಲಿಲ್ಲ. ಅವರ ಮಕ್ಕಳು ಬೆಳಗಾಗುವುದಕ್ಕೆ ಮುಂಚೆ ಮಾರಿಕುಪ್ಪದ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಬಂದು, ರಾತ್ರಿ ಅದೇ ದಾರಿಯಲ್ಲಿ ಹಿಂದಿರುಗುತ್ತಾರೆ.

ಒಂದು ಬಾರಿ ಆ ರೈಲಿನಲ್ಲಿ ನಾನೂ ಪ್ರಯಾಣ ಮಾಡಿದೆ. ಪಕ್ಕದಲ್ಲಿ ಕುಳಿತಿದ್ದ ತರುಣನೊಬ್ಬನನ್ನು, ನಮ್ಮ ಕಡೆಯ ರೂಢಿಯಂತೆ, ‘ಯಾವೂರಪ್ಪ ನಿಮ್ಮದು?’ ಎಂದು ಕೇಳಿದೆ. ‘ಕೆ.ಜಿ.ಎಫ್., ಸಾರ್’ ಎಂದನು. ‘ಅದಲ್ಲ, ಮೂಲ ಊರು?’ ಎಂದೆ. ಅವನು ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿ, ‘ಅದೇ ಸಾರ್’ ಎಂದನು. ಅವನ ಕನ್ನಡದಲ್ಲಿ ಕುಂದೇನೂ ಇರಲಿಲ್ಲ. ಕುಂದಿದ್ದುದು ನನ್ನ ಪ್ರಶ್ನೆಯಲ್ಲಿ. ಮಲೆನಾಡಿನ ತೋಟದಿಂದ ಹಿಂದಿರುಗಿದ ನಮ್ಮೂರಿನ ತಾತ ಆ ಹೊತ್ತಿನಲ್ಲಿ ನನಗೆ ನೆನಪಾದರು. ರೈಲು ಬೆಂಗಳೂರು ಸೇರಿದಾಗ ಆ ತರುಣನು ಗುಂಪಿನೊಡನೆ ಇಳಿದು ಕೆಲಸಕ್ಕೆ ಹೋದನು. ಅಂದಿನಿಂದ ನಾನು ಯಾರನ್ನೂ ಮೂಲ ಊರು ಯಾವುದೆಂದು ಕೇಳುವುದನ್ನು ಬಿಟ್ಟಿದ್ದೇನೆ.